ವಿಆರ್‌ನಲ್ಲಿ ಮೊದಲೇ ಓಡಾಡಿದರೆ ನಿಜವಾದ ಜಾಗದಲ್ಲಿ ದಾರಿ ತಪ್ಪುವುದಿಲ್ಲವೇ?

ನಾಳೆ ಬೆಳಿಗ್ಗೆ ನಿಮ್ಮ ಮಗಳಿಗೆ ಗೊತ್ತಿಲ್ಲದ ಊರಿನ ಗೊತ್ತಿಲ್ಲದ ಕಾಲೇಜಿನಲ್ಲಿ ಪ್ರವೇಶ ಪರೀಕ್ಷೆ. ಅಥವಾ ಅಪ್ಪನನ್ನು ಮೊದಲ ಸಲ ಒಂದು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಗೇಟು ಎಲ್ಲಿ, ಚೀಟಿ ಮಾಡಿಸುವುದು ಎಲ್ಲಿ, ಲಿಫ್ಟ್ ಯಾವ ಕಡೆ, ರಕ್ತ ಪರೀಕ್ಷೆ ಯಾವ ಮಹಡಿಯಲ್ಲಿ? ಇಂಥ ಹೊತ್ತಿನಲ್ಲಿ ಹತ್ತು ನಿಮಿಷ ದಾರಿ ತಪ್ಪುವುದೂ ದೊಡ್ಡ ವಿಷಯವೇ.

'ಮನೆಯಲ್ಲೇ ಕುಳಿತು ವಿಆರ್‌ನಲ್ಲಿ ಒಮ್ಮೆ ಓಡಾಡಿ, ಆಮೇಲೆ ದಾರಿ ತಪ್ಪುವ ಮಾತೇ ಇಲ್ಲ' ಎನ್ನುವವರಿದ್ದಾರೆ. 'ಅದೆಲ್ಲ ವಿಡಿಯೋ ಗೇಮ್ ಅಷ್ಟೇ, ಅದರಿಂದ ನಿಜವಾದ ಜಾಗ ಗೊತ್ತಾಗಲು ಸಾಧ್ಯವೇ ಇಲ್ಲ' ಎನ್ನುವವರೂ ಇದ್ದಾರೆ. ಇವೆರಡರಲ್ಲಿ ಯಾವುದು ಸರಿ?

ಚುಟುಕಾದ ಉತ್ತರ ಇದು: ಕಂಪ್ಯೂಟರಿನೊಳಗೆ ಕಟ್ಟಿದ ಜಾಗದಲ್ಲಿ ಓಡಾಡಿ ಕಲಿತದ್ದು ನಿಜವಾದ ಜಾಗದಲ್ಲಿ ಖಂಡಿತ ಉಪಯೋಗಕ್ಕೆ ಬರುತ್ತದೆ. ಆದರೆ ಸಾಮಾನ್ಯವಾಗಿ ಅದು ಸ್ವತಃ ಹೋಗಿ ನೋಡಿದಷ್ಟು ಗಟ್ಟಿಯಲ್ಲ. ಸ್ವಲ್ಪ ಹೊತ್ತಷ್ಟೇ ನೋಡಿದರೆ ಒಂದು ಒಳ್ಳೆಯ ನಕ್ಷೆಗಿಂತ ಹೆಚ್ಚಿನ ಲಾಭವೂ ಇಲ್ಲ. ಹೀಗೇಕೆ ಎಂಬುದನ್ನು ವಿವರವಾಗಿ ನೋಡೋಣ.

ತಲೆಯೊಳಗೊಂದು ನಕ್ಷೆ

ನಿಮ್ಮ ಮನೆಯಲ್ಲಿ ರಾತ್ರಿ ಕರೆಂಟು ಹೋದರೂ ನೀವು ಅಡುಗೆಮನೆಗೆ ಹೋಗಿ ಬೆಂಕಿಪೊಟ್ಟಣ ತರಬಲ್ಲಿರಿ. ಕಣ್ಣಿಗೆ ಏನೂ ಕಾಣದಿದ್ದರೂ ಮನೆಯ ರಚನೆ ತಲೆಯಲ್ಲಿದೆ. ಇದಕ್ಕೆ ವಿಜ್ಞಾನಿಗಳು ಮನೋನಕ್ಷೆ ಎನ್ನುತ್ತಾರೆ.

ಈ ಕಲ್ಪನೆಯನ್ನು ಮುಂದಿಟ್ಟವರು ಅಮೆರಿಕದ ಮನೋವಿಜ್ಞಾನಿ ಎಡ್ವರ್ಡ್ ಟೋಲ್ಮನ್. ಸುತ್ತುದಾರಿಯಲ್ಲಿ ಆಹಾರಕ್ಕೆ ಹೋಗಲು ಕಲಿತ ಇಲಿಗಳಿಗೆ ಆ ದಾರಿಯನ್ನು ಮುಚ್ಚಿ, ಬೇರೆ ಬೇರೆ ದಿಕ್ಕಿನ ಹಲವು ದಾರಿಗಳನ್ನು ಕೊಟ್ಟಾಗ ಬಹಳಷ್ಟು ಇಲಿಗಳು ಆಹಾರವಿದ್ದ ದಿಕ್ಕಿನ ದಾರಿಯನ್ನೇ ಆರಿಸಿಕೊಂಡವು. ಅಂದರೆ ಅವು ಬರೀ 'ಇಲ್ಲಿ ಎಡಕ್ಕೆ, ಅಲ್ಲಿ ಬಲಕ್ಕೆ' ಎಂದು ಬಾಯಿಪಾಠ ಮಾಡಿರಲಿಲ್ಲ. ಜಾಗದ ಚಿತ್ರವೇ ಅವುಗಳ ತಲೆಯಲ್ಲಿತ್ತು. 1948ರಲ್ಲಿ ಟೋಲ್ಮನ್ ಈ ವಿಚಾರವನ್ನು ಪ್ರಬಂಧವಾಗಿ ಪ್ರಕಟಿಸಿದರು.

ಈ ನಕ್ಷೆ ಮೆದುಳಿನಲ್ಲಿ ಎಲ್ಲಿದೆ? 1971ರಲ್ಲಿ ಜಾನ್ ಓಕೀಫ್ ಮತ್ತು ಅವರ ಸಹೋದ್ಯೋಗಿ, ಇಲಿಯ ಮೆದುಳಿನ ಹಿಪೊಕ್ಯಾಂಪಸ್ ಎಂಬ ಭಾಗದಲ್ಲಿ ವಿಶೇಷವಾದ ಜೀವಕೋಶಗಳನ್ನು ಗುರುತಿಸಿದರು. ಇಲಿ ಒಂದು ನಿರ್ದಿಷ್ಟ ಜಾಗಕ್ಕೆ ಬಂದಾಗ ಒಂದು ಕೋಶ ಚುರುಕಾದರೆ, ಇನ್ನೊಂದು ಜಾಗಕ್ಕೆ ಬಂದಾಗ ಇನ್ನೊಂದು ಕೋಶ ಚುರುಕಾಗುತ್ತಿತ್ತು. 2005ರಲ್ಲಿ ನಾರ್ವೆಯ ಮೈ-ಬ್ರಿಟ್ ಮೋಸರ್ ಮತ್ತು ಎಡ್ವರ್ಡ್ ಮೋಸರ್ ತಂಡ ಹಿಪೊಕ್ಯಾಂಪಸ್‌ನ ಪಕ್ಕದ ಭಾಗದಲ್ಲಿ, ಜಾಗವನ್ನು ಗೆರೆ ಹಾಕಿ ಅಳೆದಂತೆ ಕೆಲಸ ಮಾಡುವ ಕೋಶಗಳನ್ನು ಕಂಡುಹಿಡಿಯಿತು. ಈ ಮೂವರಿಗೂ 2014ರ ವೈದ್ಯವಿಜ್ಞಾನದ ನೊಬೆಲ್ ಪ್ರಶಸ್ತಿ ಬಂತು.

ಹೊಸ ಜಾಗವನ್ನು ನಾವು ಕಲಿಯುವುದು ಮೂರು ಬಗೆಯಲ್ಲಿ. ಒಂದು, ಹೆಗ್ಗುರುತು: 'ಅಲ್ಲೊಂದು ಅರಳಿಮರ ಇದೆ'. ಎರಡು, ದಾರಿ: 'ಅರಳಿಮರದ ಹತ್ತಿರ ಎಡಕ್ಕೆ ತಿರುಗಿ, ಮೂರನೆಯ ಅಡ್ಡರಸ್ತೆ'. ಮೂರು, ಇಡೀ ಜಾಗದ ಚಿತ್ರ: 'ಮರದ ಹತ್ತಿರ ರಸ್ತೆ ಅಗೆದಿದ್ದರೂ ತೊಂದರೆಯಿಲ್ಲ, ಹಿಂದಿನ ಬೀದಿಯಿಂದ ಹೋಗಬಹುದು'. ವಿಆರ್ ಏನು ಕಲಿಸುತ್ತದೆ ಎಂದು ಕೇಳುವಾಗ, ಈ ಮೂರರಲ್ಲಿ ಯಾವುದನ್ನು ಕಲಿಸುತ್ತದೆ ಎಂದೇ ಕೇಳಬೇಕು.

ಇದು ಇವತ್ತಿನ ಆಲೋಚನೆಯಲ್ಲ

ಮನೆಯಲ್ಲೇ ಕುಳಿತು ಊರು ಸುತ್ತುವ ಪ್ರಯತ್ನ ಸ್ಮಾರ್ಟ್‌ಫೋನಿಗಿಂತ ಬಹಳ ಹಳೆಯದು. 1978ರ ಸುಮಾರಿಗೆ ಅಮೆರಿಕದ ಎಂಐಟಿಯಲ್ಲಿ ಆಸ್ಪೆನ್ ಎಂಬ ಪುಟ್ಟ ಊರಿನ 'ಮೂವಿ ಮ್ಯಾಪ್' ತಯಾರಾಯಿತು. ಕಾರಿನ ಮೇಲೆ ಕ್ಯಾಮೆರಾಗಳನ್ನು ಕಟ್ಟಿ, ಪ್ರತಿ 10 ಅಡಿಗೊಂದು ಚಿತ್ರ ತೆಗೆಯುತ್ತ ಊರಿನ ಬೀದಿಗಳಲ್ಲಿ ಓಡಿಸಿದರು. ನೋಡುವವರು ಪರದೆಯ ಮುಂದೆ ಕುಳಿತು ಎಲ್ಲಿ ತಿರುಗಬೇಕೆಂದು ತಾವೇ ನಿರ್ಧರಿಸಬಹುದಿತ್ತು. ಇದಕ್ಕೆ ಹಣ ಕೊಟ್ಟದ್ದು ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ. ಸೈನಿಕರು ಕಾಲಿಡುವ ಮೊದಲೇ ಅವರಿಗೆ ಒಂದು ಜಾಗದ ಪರಿಚಯ ಮಾಡಿಕೊಡಬಹುದೇ ಎಂಬುದು ಅದರ ಪ್ರಶ್ನೆಯಾಗಿತ್ತು.

ಇಂದು ನಮ್ಮ ಮೊಬೈಲಿನಲ್ಲಿರುವ ಗೂಗಲ್ ಸ್ಟ್ರೀಟ್ ವ್ಯೂ ಕೂಡ ಇದೇ ಜಾತಿಯದು. ಅದು ಅಮೆರಿಕದಲ್ಲಿ 2007ರಲ್ಲಿ ಶುರುವಾಯಿತು. ಬೆಂಗಳೂರಿನಲ್ಲಿ 2011ರಲ್ಲಿ ಚಿತ್ರೀಕರಣ ಆರಂಭವಾಗಿ, ಪೊಲೀಸರ ಆಕ್ಷೇಪದಿಂದ ಕೆಲವೇ ವಾರಗಳಲ್ಲಿ ನಿಂತುಹೋಯಿತು. 2022ರ ಜುಲೈನಲ್ಲಿ ಭಾರತೀಯ ಕಂಪನಿಗಳ ಸಹಭಾಗಿತ್ವದಲ್ಲಿ, ಬೆಂಗಳೂರೂ ಸೇರಿ ಹತ್ತು ನಗರಗಳೊಂದಿಗೆ ಮತ್ತೆ ಆರಂಭವಾಯಿತು.

ಪ್ರಯೋಗಗಳು ಹೇಳಿದ್ದೇನು?

ಮೊದಲನೆಯದು 1996ರಲ್ಲಿ ಪ್ರಕಟವಾದ ಅಧ್ಯಯನ. ಅಮೆರಿಕದ ಸೇನೆಯ ಸಂಶೋಧಕರು 60 ಮಂದಿಗೆ ಒಂದು ದೊಡ್ಡ ಕಚೇರಿ ಕಟ್ಟಡದ ಜಟಿಲವಾದ ದಾರಿಯೊಂದನ್ನು ಕಲಿಸಿದರು. ಒಂದು ಗುಂಪು ನಿಜವಾದ ಕಟ್ಟಡದಲ್ಲೇ ನಡೆದು ಕಲಿಯಿತು. ಇನ್ನೊಂದು ಗುಂಪು ವಿಆರ್ ಕಟ್ಟಡದಲ್ಲಿ ಕಲಿಯಿತು. ಮೂರನೆಯದು ಫೋಟೋ ಮತ್ತು ಬಾಯಿಮಾತಿನ ಸೂಚನೆಗಳಿಂದ ಕಲಿಯಿತು. ಆಮೇಲೆ ಎಲ್ಲರಿಗೂ ನಿಜವಾದ ಕಟ್ಟಡದಲ್ಲಿ ಪರೀಕ್ಷೆ. ಎಲ್ಲರಿಗಿಂತ ಕಡಿಮೆ ತಪ್ಪು ತಿರುವು ತೆಗೆದುಕೊಂಡವರು ನಿಜವಾದ ಕಟ್ಟಡದಲ್ಲಿ ಕಲಿತವರು. ಎರಡನೆಯ ಸ್ಥಾನ ವಿಆರ್ ಗುಂಪಿಗೆ, ಕೊನೆಯದು ಫೋಟೋ ಗುಂಪಿಗೆ. ಆಗಿನ ಒರಟು ಚಿತ್ರಗಳ ವಿಆರ್ ಕೂಡ ಕೆಲಸಕ್ಕೆ ಬಂದಿತ್ತು.

ಎರಡನೆಯದು ಬೆಂಕಿ ಆರಿಸುವವರ ಮೇಲೆ ನಡೆದದ್ದು. ಹೊಗೆ ತುಂಬಿದ ಕಟ್ಟಡಕ್ಕೆ ನುಗ್ಗುವ ಅಗ್ನಿಶಾಮಕ ಸಿಬ್ಬಂದಿಗೆ ಒಂದೊಂದು ತಪ್ಪು ತಿರುವೂ ಪ್ರಾಣದ ಪ್ರಶ್ನೆ. 1997ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ 30 ಅಗ್ನಿಶಾಮಕರನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ವಿಆರ್, ಇನ್ನೊಂದಕ್ಕೆ ಕಾಗದದ ಮೇಲಿನ ಕಟ್ಟಡ ನಕ್ಷೆ. ಮೂರನೆಯ ಗುಂಪಿಗೆ ಯಾವ ತಯಾರಿಯೂ ಇಲ್ಲ. ತಯಾರಿ ಪಡೆದ ಎರಡೂ ಗುಂಪುಗಳು ತಯಾರಿಯಿಲ್ಲದವರಿಗಿಂತ ಬೇಗ, ಕಡಿಮೆ ತಪ್ಪಿನಿಂದ ಗುರಿ ಮುಟ್ಟಿದವು. ಆದರೆ ವಿಆರ್ ಮತ್ತು ಕಾಗದದ ನಕ್ಷೆಯ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಮೊದಲೇ ನೋಡಿಕೊಂಡು ಹೋಗುವುದು ಮುಖ್ಯ, ಅದಕ್ಕೆ ದುಬಾರಿ ಯಂತ್ರವೇ ಬೇಕೆಂದಿಲ್ಲ ಎಂಬುದು ಇದರಿಂದ ತಿಳಿಯುವ ಪಾಠ.

ಮೂರನೆಯದು 1998ರ ಅಧ್ಯಯನ. ಇದು ಕಾಲಾವಧಿಯ ಗುಟ್ಟನ್ನು ಬಿಡಿಸಿತು. ಜನರಿಗೆ ಒಂದು ಚಕ್ರವ್ಯೂಹದಂಥ ಜಾಗವನ್ನು ಬೇರೆ ಬೇರೆ ರೀತಿಯಲ್ಲಿ ಕಲಿಸಿ, ಕಣ್ಣಿಗೆ ಬಟ್ಟೆ ಕಟ್ಟಿ ನಿಜವಾದ ವ್ಯೂಹದೊಳಗೆ ಬಿಟ್ಟರು. ಸ್ವಲ್ಪ ಹೊತ್ತು ವಿಆರ್‌ನಲ್ಲಿ ಓಡಾಡಿದವರ ಸ್ಥಿತಿ ನಕ್ಷೆ ನೋಡಿದವರಿಗಿಂತ ಉತ್ತಮವೇನೂ ಆಗಿರಲಿಲ್ಲ. ಆದರೆ ಸಾಕಷ್ಟು ಹೊತ್ತು ಮತ್ತೆ ಮತ್ತೆ ಓಡಾಡಿದವರು, ಕೊನೆಗೆ ನಿಜವಾದ ಜಾಗದಲ್ಲಿ ತರಬೇತಿ ಪಡೆದವರನ್ನೂ ಹಿಂದೆ ಹಾಕಿದರು. ಹಾಗಾಗಿ 'ಒಮ್ಮೆ ನೋಡಿದರೆ ಸಾಕು' ಎಂಬ ಮಾತು ತಪ್ಪು, 'ಎಷ್ಟು ನೋಡಿದರೂ ಅಷ್ಟೇ' ಎಂಬುದೂ ತಪ್ಪು.

ಮೊಬೈಲ್ ಪರದೆಯ ಕಥೆ ಏನು? 2016ರಲ್ಲಿ ಬ್ರಿಟನ್ನಿನ ವಿಜ್ಞಾನಿಗಳು ಸೇರಿ 'ಸೀ ಹೀರೋ ಕ್ವೆಸ್ಟ್' ಎಂಬ ಆಟ ಬಿಡುಗಡೆ ಮಾಡಿದರು. ದೋಣಿಯನ್ನು ದಾರಿ ನೆನಪಿಟ್ಟುಕೊಂಡು ನಡೆಸುವ ಆಟ ಅದು. ಜಗತ್ತಿನಾದ್ಯಂತ 40 ಲಕ್ಷಕ್ಕೂ ಹೆಚ್ಚು ಜನ ಆಡಿದರು. ಫೋನಿನಲ್ಲಿ ಚೆನ್ನಾಗಿ ದೋಣಿ ನಡೆಸಿದವರು ನಿಜವಾದ ಬೀದಿಯಲ್ಲೂ ಚೆನ್ನಾಗಿ ದಾರಿ ಹುಡುಕುತ್ತಾರೆಯೇ ಎಂದು ಲಂಡನ್ ಮತ್ತು ಪ್ಯಾರಿಸ್ ಬೀದಿಗಳಲ್ಲಿ ಪರೀಕ್ಷಿಸಿದಾಗ ಹೊಂದಾಣಿಕೆ ಕಂಡುಬಂತು. ಈ ಫಲಿತಾಂಶ 2019ರಲ್ಲಿ ಪ್ರಕಟವಾಯಿತು. ಪರದೆಯ ಮೇಲೆ ದಾರಿ ಹುಡುಕುವ ಮೆದುಳು ಮತ್ತು ಬೀದಿಯಲ್ಲಿ ದಾರಿ ಹುಡುಕುವ ಮೆದುಳು ಬೇರೆ ಬೇರೆಯಲ್ಲ ಎಂಬುದಕ್ಕೆ ಇದು ಒಳ್ಳೆಯ ಸೂಚನೆ.

ವಿಆರ್ ಎಲ್ಲಿ ಎಡವುತ್ತದೆ?

ಒಂದು, ದೇಹ ತಿರುಗುವುದಿಲ್ಲ. ನಾವು ನಡೆಯುವಾಗ ಕಣ್ಣೊಂದೇ ಕೆಲಸ ಮಾಡುವುದಿಲ್ಲ. ಕಾಲು, ಸ್ನಾಯು ಮತ್ತು ಕಿವಿಯೊಳಗಿನ ಸಮತೋಲನದ ಅಂಗ 'ಈಗ ಇಷ್ಟು ತಿರುಗಿದೆ' ಎಂದು ಮೆದುಳಿಗೆ ಹೇಳುತ್ತಿರುತ್ತವೆ. 1998ರ ಒಂದು ಪ್ರಯೋಗದಲ್ಲಿ ಜನರಿಗೆ ಸ್ವಲ್ಪ ಮುಂದೆ ಹೋಗಿ, ತಿರುಗಿ, ಮತ್ತೆ ಮುಂದೆ ಹೋದ ಅನುಭವ ಕೊಟ್ಟು 'ಈಗ ಹೊರಟ ಜಾಗದ ಕಡೆ ಮುಖ ಮಾಡಿ' ಎಂದರು. ಮೈ ನಿಜವಾಗಿ ತಿರುಗಿದವರು ಸರಿಯಾಗಿ ಮುಖ ಮಾಡಿದರು. ತಿರುವನ್ನು ಪರದೆಯಲ್ಲಷ್ಟೇ ನೋಡಿದವರು, ತಾವು ತಿರುಗಿಯೇ ಇಲ್ಲವೇನೋ ಎಂಬಂತೆ ತಪ್ಪು ಮಾಡಿದರು. ಸ್ಟ್ರೀಟ್ ವ್ಯೂನಲ್ಲಿ ಬಾಣದ ಗುರುತು ಒತ್ತುತ್ತ ನಾಲ್ಕು ತಿರುವು ದಾಟಿದ ಮೇಲೆ 'ಈಗ ನಾನು ಯಾವ ಕಡೆ ನೋಡುತ್ತಿದ್ದೇನೆ?' ಎಂದು ಗೊಂದಲವಾಗುವುದಕ್ಕೂ ಇದೇ ಕಾರಣ.

ಎರಡು, ದೂರದ ಅಂದಾಜು ತಪ್ಪುತ್ತದೆ. ವಿಆರ್ ಕನ್ನಡಕ ಹಾಕಿಕೊಂಡವರಿಗೆ ವಸ್ತುಗಳು ನಿಜಕ್ಕಿಂತ ಹತ್ತಿರ ಇರುವಂತೆ ತೋರುತ್ತವೆ. ಇದು ಅನೇಕ ಅಧ್ಯಯನಗಳಲ್ಲಿ ಕಂಡುಬಂದ ಸಂಗತಿ. ಪರದೆಯಲ್ಲಿ 'ಇಲ್ಲೇ ಪಕ್ಕದಲ್ಲಿ' ಎನಿಸಿದ ಕಟ್ಟಡ ಮಂಡಿನೋವಿನ ಅಜ್ಜಿಗೆ ಬಹಳ ದೂರವೇ ಇರಬಹುದು. ದೂರವನ್ನು ಕಣ್ಣಂದಾಜಿನಿಂದಲ್ಲ, ನಕ್ಷೆಯ ಮೀಟರ್ ಲೆಕ್ಕದಿಂದ ತಿಳಿಯಿರಿ.

ಮೂರು, ತಲೆಸುತ್ತು. ಕಣ್ಣು 'ಚಲಿಸುತ್ತಿದ್ದೇನೆ' ಎನ್ನುತ್ತದೆ, ಕಿವಿಯೊಳಗಿನ ಅಂಗ 'ಇಲ್ಲ, ಕುಳಿತಿದ್ದೇನೆ' ಎನ್ನುತ್ತದೆ. ಈ ಜಗಳದಿಂದ ಕೆಲವರಿಗೆ ಹೊಟ್ಟೆ ತೊಳಸುತ್ತದೆ. ಘಾಟಿಯ ಬಸ್ಸಿನಲ್ಲಿ ವಾಂತಿ ಬರುವುದಕ್ಕೂ ಮೂಲ ಕಾರಣ ಇಂಥದೇ ಜಗಳ.

ಹಾಗಾದರೆ ಚಿತ್ರ ಇನ್ನಷ್ಟು ಚೆನ್ನಾಗಿದ್ದರೆ ಸಾಕೇ? ಅದೂ ಅಲ್ಲ. 2006ರ ಒಂದು ಅಧ್ಯಯನದಲ್ಲಿ ಕನ್ನಡಕ ಹಾಕಿಕೊಂಡು ನಿಜವಾಗಿ ನಡೆದಾಡಿದವರು, ಚಿತ್ರ ತೀರಾ ಸಾದಾ ಇದ್ದರೂ ಹುಡುಕುವ ಕೆಲಸವನ್ನು ಅಚ್ಚುಕಟ್ಟಾಗಿ ಮುಗಿಸಿದರು. ಕುಳಿತು ಪರದೆ ನೋಡಿದವರು ಈಗಾಗಲೇ ನೋಡಿದ ಜಾಗಕ್ಕೇ ಮತ್ತೆ ಮತ್ತೆ ಹೋಗುತ್ತಿದ್ದರು. ಚಿತ್ರದ ಥಳುಕಿಗಿಂತ ಕಾಲಿನ ಚಲನೆಗೇ ಅಲ್ಲಿ ಹೆಚ್ಚು ಬೆಲೆ ಬಂತು.

ನಕ್ಷೆ ಒಳ್ಳೆಯದೋ, ಓಡಾಟ ಒಳ್ಳೆಯದೋ?

ಎರಡೂ ಬೇಕು, ಏಕೆಂದರೆ ಎರಡೂ ಕಲಿಸುವುದು ಬೇರೆ ಬೇರೆ. 1982ರಲ್ಲಿ ಅಮೆರಿಕದ ಒಂದು ದೊಡ್ಡ ಕಚೇರಿಯಲ್ಲಿ, ಅಲ್ಲೇ ಓಡಾಡಿ ಕೆಲಸ ಮಾಡುತ್ತಿದ್ದವರನ್ನೂ ನಕ್ಷೆ ನೋಡಿ ಕಲಿತ ಹೊಸಬರನ್ನೂ ಹೋಲಿಸಿದರು. ಯಾವ ಕೋಣೆ ಎಲ್ಲಿದೆ, ನೇರ ಅಂತರ ಎಷ್ಟು ಎಂಬುದರಲ್ಲಿ ನಕ್ಷೆ ನೋಡಿದವರು ಮುಂದಿದ್ದರು. ನಿಂತಲ್ಲಿಂದ ಬೇರೆ ಕೋಣೆಯ ದಿಕ್ಕು ತೋರಿಸುವುದರಲ್ಲಿ, ನಡೆಯಬೇಕಾದ ದೂರ ಹೇಳುವುದರಲ್ಲಿ ಓಡಾಡಿದವರು ಮುಂದಿದ್ದರು. ವಿಆರ್ ನಿಮಗೆ ಹೆಗ್ಗುರುತು ಮತ್ತು ದಾರಿಯನ್ನು ಕಲಿಸುತ್ತದೆ. ನಕ್ಷೆ ಇಡೀ ಜಾಗದ ಚಿತ್ರ ಕೊಡುತ್ತದೆ. ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ.

ಇದು ನಿಜವಾಗಿ ಯಾರ ಬದುಕು ಬದಲಿಸಬಲ್ಲದು?

ನಮಗೆ ದಾರಿ ತಪ್ಪಿದರೆ ಯಾರನ್ನಾದರೂ ಕೇಳಿ, ಹತ್ತು ಹೆಜ್ಜೆ ಹಿಂದೆ ಬರುತ್ತೇವೆ. ಗಾಲಿಕುರ್ಚಿಯಲ್ಲಿರುವ ಮಗುವಿಗೆ, ಕಣ್ಣು ಕಾಣದವರಿಗೆ ಆ ಹತ್ತು ಹೆಜ್ಜೆ ಅಷ್ಟು ಸುಲಭವಲ್ಲ. ಈ ತಂತ್ರಜ್ಞಾನದ ಅತಿ ದೊಡ್ಡ ಉಪಯೋಗ ಇರುವುದು ಇಲ್ಲೇ.

ಅಂಗವೈಕಲ್ಯವಿರುವ ಮಕ್ಕಳಿಗೆ ತಾವಾಗಿ ಜಾಗ ಸುತ್ತುವ ಅವಕಾಶವೇ ಕಡಿಮೆ. ಬೇರೆಯವರು ತಳ್ಳಿಕೊಂಡು ಹೋಗುತ್ತಾರೆ, ಅವರು ನೋಡುತ್ತ ಕೂರುತ್ತಾರೆ. 1990ರ ದಶಕದಲ್ಲಿ ಬ್ರಿಟನ್ನಿನ ಸಂಶೋಧಕರು ಇಂಥ ಮಕ್ಕಳಿಗೆ ಒಂದು ಕಟ್ಟಡದ ಕಂಪ್ಯೂಟರ್ ಮಾದರಿಯಲ್ಲಿ ತಾವೇ ಓಡಾಡಲು ಬಿಟ್ಟರು. ಬಳಿಕ ನಿಜವಾದ ಕಟ್ಟಡಕ್ಕೆ ಕರೆತಂದಾಗ, ಕಣ್ಣಿಗೆ ಕಾಣದ ವಸ್ತುಗಳು ಯಾವ ದಿಕ್ಕಿನಲ್ಲಿವೆ ಎಂದು ಆ ಮಕ್ಕಳು ಊಹೆಗಿಂತ ಎಷ್ಟೋ ನಿಖರವಾಗಿ ತೋರಿಸಿದರು.

ದೃಷ್ಟಿ ಇಲ್ಲದವರಿಗೆ ವಿಆರ್ ಹೇಗೆ ಎಂದು ನೀವು ಕೇಳಬಹುದು. ವಿಆರ್ ಎಂದರೆ ಕಣ್ಣಿಗೆ ಮಾತ್ರ ಎಂದೇನಿಲ್ಲ, ಶಬ್ದದಿಂದಲೂ ಜಾಗ ಕಟ್ಟಬಹುದು. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಅಂಧರ ತರಬೇತಿ ಕೇಂದ್ರವೊಂದರ ಕಟ್ಟಡವನ್ನು ಶಬ್ದಗಳ ಮೂಲಕವೇ ಕಂಪ್ಯೂಟರಿನಲ್ಲಿ ರೂಪಿಸಿದರು. ಕೆಲವರಿಗೆ ಇಂಥಿಂಥ ದಾರಿ ಎಂದು ಹೇಳಿಕೊಟ್ಟರು. ಇನ್ನು ಕೆಲವರಿಗೆ ಕಟ್ಟಡದೊಳಗೆ ಅಡಗಿಸಿಟ್ಟದ್ದನ್ನು ಹುಡುಕುವ ಆಟವಾಗಿ ಕೊಟ್ಟರು. 2012ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಎರಡೂ ಗುಂಪಿನವರು ನಿಜವಾದ ಕಟ್ಟಡದಲ್ಲಿ ದಾರಿ ಕಂಡುಕೊಂಡರು. ಆದರೆ ಹೊರಗೆ ಹೋಗುವ ಹತ್ತಿರದ ದಾರಿ ಹುಡುಕುವುದರಲ್ಲಿ ಆಟ ಆಡಿದವರೇ ಮುಂದಿದ್ದರು. ಬಾಯಿಪಾಠ ಮಾಡಿದ ದಾರಿಗಿಂತ ತಾನೇ ಹುಡುಕಿ ಕಲಿತ ಜಾಗ ಕೈ ಹಿಡಿಯಿತು.

ಹರಿದಾಡುವ ಮಾತುಗಳು: ಎಷ್ಟು ನಿಜ?

'ಜಿಪಿಎಸ್ ಬಳಸಿದರೆ ಮೆದುಳು ಹಾಳಾಗುತ್ತದೆ.' ಇದು ಅತಿಶಯೋಕ್ತಿ. ಲಂಡನ್ನಿನ ಸೋಹೋ ಪ್ರದೇಶದ ಬೀದಿಗಳನ್ನು ಬಳಸಿ ಮಾಡಿದ, 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತಾವೇ ದಾರಿ ಹುಡುಕುವಾಗ ಜನರ ಹಿಪೊಕ್ಯಾಂಪಸ್ ಚುರುಕಾಗುತ್ತಿತ್ತು, ಜಿಪಿಎಸ್ ಹೇಳಿದಂತೆ ಹೋಗುವಾಗ ಹಾಗಾಗುತ್ತಿರಲಿಲ್ಲ. ಜಪಾನಿನಲ್ಲಿ 2008ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಜಿಪಿಎಸ್ ಹಿಡಿದು ಹೋದವರಿಗೆ ನಡೆದ ದಾರಿಯ ಚಿತ್ರ ಬರೆಯುವುದು ಕಷ್ಟವಾಯಿತು. ಇದರ ಅರ್ಥ, ಜಿಪಿಎಸ್ ನಿಮ್ಮನ್ನು ತಲುಪಿಸುತ್ತದೆ, ಕಲಿಸುವುದಿಲ್ಲ. ಮೆದುಳು ಹಾಳಾಯಿತು ಎಂದು ಇದರಿಂದ ಸಾಬೀತಾಗುವುದಿಲ್ಲ.

'ದಿಕ್ಕಿನ ಅರಿವು ಹುಟ್ಟಿನಿಂದಲೇ ಬರಬೇಕು.' ಪೂರ್ತಿ ನಿಜವಲ್ಲ. ಲಂಡನ್ನಿನಲ್ಲಿ ಟ್ಯಾಕ್ಸಿ ಓಡಿಸಲು ಸುಮಾರು 25,000 ಬೀದಿಗಳನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಪರೀಕ್ಷೆ ಪಾಸಾಗಬೇಕು. ಇದಕ್ಕೆ ಮೂರು ನಾಲ್ಕು ವರ್ಷ ಬೇಕಾಗುತ್ತದೆ. ಎಲಿನರ್ ಮಗ್ವಾಯರ್ ಅವರ ತಂಡ ಈ ತರಬೇತಿಗೆ ಸೇರಿದವರ ಮೆದುಳನ್ನು ಮೊದಲೂ ಆಮೇಲೂ ಸ್ಕ್ಯಾನ್ ಮಾಡಿತು. ಪಾಸಾದವರ ಹಿಪೊಕ್ಯಾಂಪಸ್‌ನ ಹಿಂಭಾಗ ಹಿಗ್ಗಿತ್ತು, ಪಾಸಾಗದವರಲ್ಲಿ ಈ ಬದಲಾವಣೆ ಇರಲಿಲ್ಲ. ಈ ಫಲಿತಾಂಶ 2011ರಲ್ಲಿ ಪ್ರಕಟವಾಯಿತು. ಅಂದರೆ ಕಲಿಕೆಯಿಂದ ಮೆದುಳೂ ಬದಲಾಗುತ್ತದೆ.

'ಹೆಂಗಸರಿಗೆ ದಾರಿ ಗೊತ್ತಾಗುವುದಿಲ್ಲ.' ಸೀ ಹೀರೋ ಕ್ವೆಸ್ಟ್ ಆಟದ ಮಾಹಿತಿಯಲ್ಲಿ ಗಂಡಸರ ಸರಾಸರಿ ಸ್ವಲ್ಪ ಮೇಲಿತ್ತು, ನಿಜ. ಆದರೆ ಯಾವ ದೇಶದಲ್ಲಿ ಗಂಡು ಹೆಣ್ಣಿನ ನಡುವೆ ಅಸಮಾನತೆ ಹೆಚ್ಚೋ ಅಲ್ಲಿ ಈ ಅಂತರ ಹೆಚ್ಚು, ಸಮಾನತೆ ಇದ್ದಲ್ಲಿ ಕಡಿಮೆ. ಒಬ್ಬಳೇ ಹೊರಗೆ ಹೋಗಲು ಬಿಡದೆ 'ಇವಳಿಗೆ ದಾರಿ ತಿಳಿಯದು' ಎಂದರೆ ತಪ್ಪು ಯಾರದು?

'ಹಳ್ಳಿಯವರು ಪಟ್ಟಣದಲ್ಲಿ ಕಳೆದುಹೋಗುತ್ತಾರೆ.' 38 ದೇಶಗಳ ಸುಮಾರು 4 ಲಕ್ಷ ಜನರ ಮಾಹಿತಿಯಿಂದ 2022ರಲ್ಲಿ ತಿಳಿದುಬಂದದ್ದು ಬೇರೆಯೇ. ನಗರದ ಹೊರಗೆ ಬೆಳೆದವರೇ ಸರಾಸರಿಯಲ್ಲಿ ದಾರಿ ಹುಡುಕುವುದರಲ್ಲಿ ಮುಂದಿದ್ದರು.

'ಈ ಆಟ ಆಡಿದರೆ ಮರೆವಿನ ಕಾಯಿಲೆ ಇದೆಯೋ ಇಲ್ಲವೋ ಗೊತ್ತಾಗುತ್ತದೆ.' ಇಲ್ಲ. ಆಟ ಸಂಶೋಧನೆಗೆ ನೆರವಾಗಿದೆ, ರೋಗ ಪತ್ತೆ ಮಾಡುವುದು ವೈದ್ಯರ ಕೆಲಸ. ಆದರೆ ಒಂದು ಮಾತು ನೆನಪಿಡಿ. ಹೊಸ ಜಾಗದಲ್ಲಿ ದಾರಿ ತಪ್ಪುವುದು ಎಲ್ಲರಿಗೂ ಆಗುವಂಥದ್ದು. ವರ್ಷಗಟ್ಟಲೆ ಓಡಾಡಿದ ಸ್ವಂತ ಬೀದಿಯಲ್ಲೇ ಹಿರಿಯರು ದಾರಿ ತಪ್ಪತೊಡಗಿದರೆ ಅದು ಆಲ್ಝೈಮರ್ ಕಾಯಿಲೆಯ ಆರಂಭದ ಲಕ್ಷಣವಿರಬಹುದು. 'ವಯಸ್ಸಾಯಿತು' ಎಂದು ಸುಮ್ಮನಾಗದೆ ವೈದ್ಯರಿಗೆ ತೋರಿಸಿ.

ನಿಮ್ಮ ಮೊಬೈಲಿನಲ್ಲೇ ಮಾಡಿ ನೋಡಿ

ಪರೀಕ್ಷಾ ಕೇಂದ್ರಕ್ಕೋ ಆಸ್ಪತ್ರೆಗೋ ಹೋಗುವ ಮೊದಲು ಈ ಕ್ರಮ ಅನುಸರಿಸಬಹುದು. ವಿಆರ್ ಕನ್ನಡಕ ಬೇಕಾಗಿಲ್ಲ.

1. ಮೊದಲು ನಕ್ಷೆ ತೆರೆದು ಇಡೀ ಜಾಗ ನೋಡಿ. ಬಸ್ ನಿಲ್ದಾಣ ಎಲ್ಲಿ, ಗೇಟು ಎಲ್ಲಿ, ಉತ್ತರ ಯಾವ ಕಡೆ ಎಂದು ಗಮನಿಸಿ.

2. ಆಮೇಲೆ ಸ್ಟ್ರೀಟ್ ವ್ಯೂ ಇದ್ದರೆ ಅದರಲ್ಲಿ, ಆ ಸಂಸ್ಥೆಯ ಜಾಲತಾಣದಲ್ಲಿ 360 ಡಿಗ್ರಿ ಚಿತ್ರಗಳಿದ್ದರೆ ಅವುಗಳಲ್ಲಿ, ದಾರಿಯುದ್ದಕ್ಕೂ ಸಾಗಿ.

3. ಪ್ರತಿ ತಿರುವಿನಲ್ಲೂ ಒಂದು ಹೆಗ್ಗುರುತು ಹಿಡಿಯಿರಿ. ದೇವಸ್ಥಾನ, ನೀರಿನ ಟ್ಯಾಂಕು, ಮೇಲ್ಸೇತುವೆಯಂಥ ಬೇಗ ಬದಲಾಗದವು ಇರಲಿ. ಅಂಗಡಿಯ ಬೋರ್ಡು, ಜಾಹೀರಾತು ಫಲಕ ನಂಬಬೇಡಿ.

4. ತಿರುವು ಬಂದಾಗ ಕುರ್ಚಿಯಿಂದ ಎದ್ದು ನಿಂತು, ಫೋನಿನ ಸಮೇತ ನೀವೂ ಆ ಕಡೆಗೆ ತಿರುಗಿ. ಪಕ್ಕದವರು ನಕ್ಕರೆ ನಗಲಿ, ದಿಕ್ಕು ನೆನಪಿನಲ್ಲಿ ಕೂರಲು ಮೈಯ ಚಲನೆ ಸಹಾಯ ಮಾಡುತ್ತದೆ.

5. ಹೋಗುವ ದಾರಿಯಷ್ಟೇ ಅಲ್ಲ, ವಾಪಸು ಬರುವ ದಾರಿಯನ್ನೂ ನೋಡಿ. ಹಿಂದಿರುಗುವಾಗ ಅದೇ ರಸ್ತೆ ಬೇರೆಯಾಗಿಯೇ ಕಾಣುತ್ತದೆ.

6. ಫೋನು ಕೆಳಗಿಟ್ಟು, ಕಾಗದದ ಮೇಲೆ ದಾರಿಯನ್ನು ನೀವೇ ಬರೆಯಿರಿ. ಎಲ್ಲಿ ಪೆನ್ನು ನಿಲ್ಲುತ್ತದೋ ಅಲ್ಲಿಗೆ ಮತ್ತೊಮ್ಮೆ ಹೋಗಿ ನೋಡಿ. ಮರುದಿನ ಇನ್ನೊಂದು ಸಲ ಮಾಡಿ.

7. ಚಿತ್ರ ಯಾವ ತಿಂಗಳು, ಯಾವ ವರ್ಷದ್ದು ಎಂದು ಪರದೆಯಲ್ಲೇ ಇರುತ್ತದೆ, ಅದನ್ನು ಓದಿ. ಮೆಟ್ರೋ ಕಾಮಗಾರಿ, ಏಕಮುಖ ಸಂಚಾರ, ಮುಚ್ಚಿದ ಗೇಟು ಹಳೆಯ ಚಿತ್ರದಲ್ಲಿ ಕಾಣುವುದಿಲ್ಲ.

ಒಂದು ಎಚ್ಚರಿಕೆ: ಶಾಲೆ, ಕಚೇರಿ, ಅಪಾರ್ಟ್‌ಮೆಂಟುಗಳಲ್ಲಿ ಬೆಂಕಿ ಅವಘಡದ ಅಣಕು ಕವಾಯತಿಗೆ ವಿಆರ್ ಬದಲಿಯಲ್ಲ. ತುರ್ತು ಬಾಗಿಲಿಗೆ ಬೀಗ ಹಾಕಿದೆಯೇ, ಮೆಟ್ಟಿಲ ಮೇಲೆ ಹಳೆಯ ಕುರ್ಚಿ ಪೇರಿಸಿದ್ದಾರೆಯೇ ಎಂಬುದು ಕಾಲಿಟ್ಟು ನಡೆದಾಗಲೇ ಗೊತ್ತಾಗುವುದು. ಮುಂದಿನ ಸಲ ನಿಮ್ಮ ಕಟ್ಟಡದಲ್ಲಿ ಲಿಫ್ಟ್ ಬಿಟ್ಟು ತುರ್ತು ಮೆಟ್ಟಿಲಿನಿಂದ ಒಮ್ಮೆ ಇಳಿದು ನೋಡಿ.

ಹಂಚಿಕೊಳ್ಳುವ ಮುನ್ನ

'ವಿಆರ್ ಇದ್ದರೆ ಜಾಗಕ್ಕೆ ಹೋಗುವುದೇ ಬೇಡ' ಎಂಬ ಸಂದೇಶ ಬಂದರೆ ಮುಂದೆ ಕಳಿಸಬೇಡಿ. 'ಪರದೆ ನೋಡಿ ಏನೂ ಕಲಿಯಲಾಗದು' ಎಂಬುದನ್ನೂ ಕಳಿಸಬೇಡಿ. ಕಳಿಸುವುದಾದರೆ ಇಷ್ಟು ಕಳಿಸಿ: ಮೊದಲು ನಕ್ಷೆ, ಆಮೇಲೆ ಪರದೆಯ ಮೇಲಿನ ಓಡಾಟ, ಒಂದಲ್ಲ ಎರಡು ಸಲ. ಹೊರಡುವ ದಿನ ಅರ್ಧ ಗಂಟೆ ಮೊದಲೇ ಹೊರಡಿ. ಅಷ್ಟಾದರೂ ದಾರಿ ತಪ್ಪಿದರೆ ಆಟೋ ನಿಲ್ದಾಣದಲ್ಲೋ ಟೀ ಅಂಗಡಿಯಲ್ಲೋ ಕೇಳಿ, ಅಲ್ಲಿರುವವರಿಗೆ ಆ ಜಾಗ ಇವತ್ತು ಹೇಗಿದೆ ಎಂಬುದು ಗೊತ್ತಿರುತ್ತದೆ.